ನೆಪಗಳ ಪಂಚಾಂಗ

ಹೊಳೆಗೆ ಗಾಳ ಹಾಕಲು ಹೊರಟವನು ತಂಗೀಸು, ಸೀಸದ ಗುಂಡು, ಎರೆಗೆಂದು ಇಟ್ಟುಕೊಂಡ ನಾಲ್ಕು ಚಟ್ಲಿ ಮರೆತುಬಂದರೂ ಹೇಗೋ ನಡೆದೀತು. ನೆಪಗಳನ್ನು ಮರೆತು ಬಂದರೆ ನಡೆಯುವುದಿಲ್ಲ. ಬರಿಗೈಯಲ್ಲಿ ಮನೆಗೆ ಮರಳುವ ದಾರಿ ಇದೆಯಲ್ಲ, ಅದರಷ್ಟು ಜನ ತುಂಬಿದ ದಾರಿ ಕುಂದಾಪುರದಲ್ಲಿ ಇನ್ನೊಂದಿಲ್ಲ. ಸೇತುವೆ ಬುಡದ ಚಾದಂಗಡಿಯವರು, ರೇಷನ್ ಸಾಲಿನಲ್ಲಿ ನಿಂತವರು, ಏಳನೇ ಕ್ಲಾಸಿನಲ್ಲಿ ನನ್ನಿಂದ ಪೆಟ್ಟು ತಿಂದು ಈಗ ರಿಕ್ಷಾ ಓಡಿಸುವವನು, ಎಲ್ಲರದ್ದೂ ಒಂದೇ ಪ್ರಶ್ನೆ: “ಹ್ವಾಯ್ ಮಾಷ್ಟ್ರೆ, ಎಂತ ಸಿಕ್ತ್?” ಮನೆಯಲ್ಲಿ ಕಾದಿರುವ ಪ್ರಶ್ನೆ ಇನ್ನೂ ಚುಟುಕು: “ಮಸಾಲಿ ಕಡೂದಾ, ಬ್ಯಾಡ್ದಾ?”

ನೆಪಗಳಲ್ಲಿ ಎರಡು ಜಾತಿ. ಗಾಳದ ಮೊನೆ, ರೀಲಿನ ತುಕ್ಕು, ಹಳಸಿದ ಎರೆ, ಪಕ್ಕದಲ್ಲಿ ನಿಂತು ಫೋನಿನಲ್ಲಿ ಕೂಗಾಡಿದ ಪುಣ್ಯಾತ್ಮ, ಇವರ ಮೇಲೆ ತಪ್ಪು ಹೊರಿಸುವುದು ಒಂದು ಜಾತಿ. ಇದನ್ನು ನಂಬಬೇಡಿ, ನಾನೇ ಹೇಳಿದರೂ ನಂಬಬೇಡಿ. ನೀರು, ಗಾಳಿ, ಮಳೆ, ತಿಥಿ ಇವುಗಳ ಮೇಲೆ ಹೊರಿಸುವುದು ಇನ್ನೊಂದು ಜಾತಿ. ಕೇಳುವವರಿಗೆ ಇದು ಮೊದಲಿನದಕ್ಕಿಂತ ದೊಡ್ಡ ಸುಳ್ಳು ಅನ್ನಿಸುತ್ತದೆ. ಆದರೆ ಅಳಿವೆಯಲ್ಲಿ ಮೀನು ಸಿಗುವುದೂ ಬಿಡುವುದೂ ಬಹುಪಾಲು ತೀರ್ಮಾನವಾಗುವುದು ಇಲ್ಲಿಯೇ. ಇಂಥ ನೆಪಗಳ ಪರವಾಗಿ ವಕಾಲತ್ತು ಮಾಡುವವರು ಯಾರೂ ಇಲ್ಲದ ಕಾರಣ ನಾನೇ ಕೂತಿದ್ದೇನೆ.

ಮೊದಲು ಜಾಗ ಹೇಳಿಬಿಡುತ್ತೇನೆ. ನಮ್ಮೂರ ಹೊಳೆ ಎಂದರೆ ಒಂದಲ್ಲ, ಐದು: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಐದೂ ಸೇರಿ ಪಂಚಗಂಗಾವಳಿ. ಇದರಲ್ಲಿ ಸೌಪರ್ಣಿಕೆಯ ಹಟವೇ ಬೇರೆ. ಮರವಂತೆಯಲ್ಲಿ ಕಡಲಿಗೂ ಅದಕ್ಕೂ ನಡುವೆ ಹೆದ್ದಾರಿ ಹಾಯುವಷ್ಟು ಜಾಗ ಮಾತ್ರ ಉಳಿದಿರುವಾಗ ಕಡಲಿಗೆ ಬೆನ್ನು ಹಾಕಿ ತೆಂಕಕ್ಕೆ ತಿರುಗಿ, ಗಂಗೊಳ್ಳಿಯವರೆಗೆ ಬಂದು ಉಳಿದವರ ಜೊತೆಗೇ ಕಡಲು ಸೇರುತ್ತದೆ. ಬಡಗಲ್ಲಿ ಗಂಗೊಳ್ಳಿ, ತೆಂಕಲ್ಲಿ ಕೋಡಿ, ನಡುವೆ ಅಳಿವೆ ಬಾಗಿಲು. ಒಳಗಡೆ ಕಾಂಡ್ಲಾ ಗಿಡಗಳು, ಕುದ್ರು ಎನ್ನುವ ನಡುಗಡ್ಡೆಗಳು. ಹೊರಗಿನವರಿಗೆ ಯಕ್ಷಗಾನ ಗೊಂಬೆಯಾಟದಿಂದ ಗೊತ್ತಿರುವ ಉಪ್ಪಿನಕುದ್ರು ಇರುವುದೂ ಇಲ್ಲೇ. ಈ ಬಾಗಿಲಿನಿಂದ ಕಡಲು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಇಲ್ಲಿ ಇರ್ಪೆಯಂಥ ಕೆಲವನ್ನು ಬಿಟ್ಟರೆ ಕಾಯಂ ವಿಳಾಸದ ಮೀನು ಕಡಿಮೆ. ಕಾಣೆ, ಕುರುಡಿ, ಕೆಂಬೇರಿ, ಮಾಲ, ಎಲ್ಲವೂ ನೀರಿನ ಜೊತೆ ಬರುವವು, ನೀರಿನ ಜೊತೆ ಹೋಗುವವು. ನಿನ್ನೆ ಸಿಕ್ಕಿದ ಜಾಗದಲ್ಲೇ ಇವತ್ತೂ ಸಿಗಬೇಕು ಎಂದು ಹಟ ಹಿಡಿಯುವವನು ನಿನ್ನೆಯ ಬಸ್ಸಿಗೆ ಇವತ್ತು ಕಾಯುತ್ತಿದ್ದಾನೆ, ಅಷ್ಟೆ.

ಮೊದಲನೆಯ ನೆಪ, ತಿಥಿ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರರ ಎಳೆತ ಒಂದೇ ಗೆರೆಯಲ್ಲಿ ಕೂಡಿಕೊಂಡು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಅಡ್ಡಡ್ಡ ಎಳೆಯುವುದರಿಂದ ಏರಿಳಿತ ಕಡಿಮೆ. ನಮ್ಮ ಕಡೆ ಹುಣ್ಣಿಮೆಯ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನ ಆಸುಪಾಸು ವ್ಯತ್ಯಾಸ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದು 10 ಮೀಟರು ಮೀರುತ್ತದೆಯಂತೆ. ಅಲ್ಲಿ ಗಾಳ ಹಾಕುವವರ ಪಾಡು ಅವರಿಗೇ ಗೊತ್ತು. ನಮ್ಮ ಒಂದೂವರೆ ಮೀಟರನ್ನು ಹಗುರವಾಗಿ ಕಾಣುವ ಹಾಗಿಲ್ಲ. ಐದು ಹೊಳೆಗಳ ಹರಹಿನಲ್ಲಿ ಅಷ್ಟು ನೀರು ಆರು ಗಂಟೆಯಲ್ಲಿ ಒಂದು ಬಾಗಿಲಿನಿಂದ ಹೊರಗೆ ಹೋಗಬೇಕು. ಆ ಸೆಳೆತಕ್ಕೆ ಸೀಸದ ಗುಂಡು ನೆಲದಲ್ಲಿ ನಿಲ್ಲುವುದಿಲ್ಲ, ಗಾಳಕ್ಕೆ ಮೀನಿನ ಬದಲು ಪಾಚಿ, ಪ್ಲಾಸ್ಟಿಕ್ ತೊಟ್ಟೆ ಸಿಗುತ್ತದೆ. ಅಷ್ಟಮಿಯ ನೀರಿಗೆ ಇದರ ತದ್ವಿರುದ್ಧ ರೋಗ. ನೀರು ಅಲುಗಾಡುವುದೇ ಇಲ್ಲವೇನೋ ಎನ್ನುವಷ್ಟು ಮಂದ.

“ಅಷ್ಟಮಿ ನೀರಂಗೆ ಮೀನ್ ನಿದ್ರಿ ಮಾಡತ್ತ್ ಮಾಷ್ಟ್ರೆ” ಎನ್ನುತ್ತಿದ್ದರು ನಮ್ಮ ಕೇರಿಯ ದೋಣಿಯಜ್ಜ. ನಿದ್ರೆಯ ವಿಷಯ ಏನೋ, ಊಟ ಸಿಗುವುದಿಲ್ಲ ಎಂಬುದು ನಿಜ. ಹೊಳೆಯ ದೊಡ್ಡ ಮೀನು ಊಟ ಹುಡುಕಿಕೊಂಡು ಊರೆಲ್ಲ ಅಲೆಯುವುದಿಲ್ಲ. ಒಂದು ಕಲ್ಲಿನ ಮರೆಯಲ್ಲೋ ಸೇತುವೆ ಕಂಬದ ಹಿಂದೆಯೋ ಮೂತಿಯನ್ನು ಸೆಳೆತಕ್ಕೆ ಕೊಟ್ಟು ನಿಂತಿರುತ್ತದೆ. ಚಟ್ಲಿ, ಮರಿಮೀನು, ಸಣ್ಣ ಏಡಿಗಳನ್ನು ತಂದು ಬಾಯಿ ಮುಂದೆ ಬಿಡುವುದು ನೀರಿನ ಕೆಲಸ. ನೀರು ನಿಂತರೆ ಬಡಿಸುವವರು ಪಂಕ್ತಿ ಬಿಟ್ಟು ಎದ್ದರು. ಆದ್ದರಿಂದ ನನ್ನ ತೀರ್ಮಾನ: ಅಮಾವಾಸ್ಯೆ, ಹುಣ್ಣಿಮೆಗಳ ಎರಡು ಮೂರು ದಿನ ಮುಂಚೆ ಹೋಗಬೇಕು, ಇಲ್ಲವೇ ನಾಲ್ಕೈದು ದಿನ ಬಿಟ್ಟು ಹೋಗಬೇಕು. ಸೆಳೆತ ಇರುತ್ತದೆ, ಗುಂಡೂ ನಿಲ್ಲುತ್ತದೆ.

ದಿನ ಗೊತ್ತಾದರೆ ಸಾಲದು, ಹೊತ್ತು ಗೊತ್ತಾಗಬೇಕು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನಮ್ಮಲ್ಲಿ ಹಗಲೂ ರಾತ್ರಿಯೂ ಹನ್ನೊಂದು ಹನ್ನೆರಡರ ಹೊತ್ತಿಗೆ ಉಬ್ಬರ ತುಂಬಿರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ಹುಣ್ಣಿಮೆಯ ಬೆಳಗಿನ ಜಾವ ಹೊಳೆ ಬರಿದಾಗಿ, ಸೂರ್ಯ ಹುಟ್ಟುವಾಗ ನೀರು ಏರಲು ಶುರು. ಅಷ್ಟಮಿಗೆ ತಿರುಗುಮುರುಗು, ಬೆಳಿಗ್ಗೆ ತುಂಬಿದ ಹೊಳೆ ಇಳಿಯಲು ಶುರು. ಕಾಣೆಗೆ ಏರುವ ನೀರು ಬೇಕು. ಒಣಗಿದ ಮರಳದಿಣ್ಣೆಯ ಮೇಲೆ ನೀರು ಹರಡುತ್ತಿದ್ದ ಹಾಗೆ ಅದರೊಳಗಿನ ಹುಳುಗಳನ್ನು ಹೆಕ್ಕಲು ಅದು ಮುಂದಿನ ಸಾಲಿನಲ್ಲೇ ಬರುತ್ತದೆ, ಮೊಣಕಾಲು ಮುಳುಗದ ನೀರಿಗೂ ಬರುತ್ತದೆ. ಕುರುಡಿಗೆ ಇಳಿಯುವ ನೀರು ಬೇಕು. ಕಾಂಡ್ಲಾ ಬೇರುಗಳ ನಡುವೆ ಅಡಗಿದ್ದ ಮರಿಗಳು ನೀರು ಬಸಿಯುವಾಗ ತೋಡಿನ ಬಾಯಿಂದ ಹೊರಬರಲೇಬೇಕಲ್ಲ, ಅಲ್ಲಿ ಕಾದಿರುತ್ತದೆ. ಕಾಣೆಯ ಹೊತ್ತಿಗೆ ಹೋಗಿ ಕುರುಡಿ ಸಿಗಲಿಲ್ಲ ಎಂದು ಅಳುವವರನ್ನು ಸೇತುವೆಯ ಮೇಲೆ ದಿನವೂ ನೋಡುತ್ತೇನೆ. ಇನ್ನೊಂದು ಮಾತು: ಉಬ್ಬರವಿಳಿತದ ಪಟ್ಟಿಯಲ್ಲಿ ಬರೆದಿರುವುದು ಬಂದರಿನ ಹೊತ್ತು. ಕುದ್ರುಗಳ ಹಿಂದಕ್ಕೆ ನೀರು ಮುಟ್ಟುವುದು ಅದಕ್ಕಿಂತ ತಡ. ಬಾಯಲ್ಲಿ ಇಳಿತ ಶುರುವಾಗಿದ್ದರೂ ಒಳಗೆ ಇನ್ನೂ ಏರುತ್ತಲೇ ಇರುವುದುಂಟು.

ನೀರು ತಿರುಗುವುದನ್ನು ದೋಣಿಯಜ್ಜ ಗಡಿಯಾರವಿಲ್ಲದೆ ಹೇಳುತ್ತಿದ್ದರು. ಅವರ ಪಾತಿ ದೋಣಿಯಲ್ಲಿ ಕೂತ ಒಂದು ಸಂಜೆಯ ಲೆಕ್ಕ ನನಗಿನ್ನೂ ಸರಿಯಾಗಿ ನೆನಪಿದೆ. ಒಂದು ತೆಂಗಿನಸಿಪ್ಪೆ ಮೇಲಿನಿಂದ ತೇಲಿಬಂದು ನಮ್ಮನ್ನು ದಾಟಿ, ಹತ್ತು ಮಾರು ಕೆಳಗೆ ಹೋಗಿ ನಿಂತಿತು. ಒಂದು ಸುತ್ತು ಸುತ್ತಿತು. ಅದರ ಹಿಂದೆ ಬಂದ ಕಾಂಡ್ಲಾ ಎಲೆಗಳು, ಒಂದು ಹವಾಯಿ ಚಪ್ಪಲಿ, ನೊರೆ, ಎಲ್ಲವೂ ಅದೇ ಸಾಲಿನಲ್ಲಿ ನಿಂತವು. ನೋಡನೋಡುತ್ತಿದ್ದ ಹಾಗೆ ಹೊಳೆಗೆ ಅಡ್ಡಲಾಗಿ ನೊರೆಯ ಗೆರೆ ಮೂಡಿತು. ಗೆರೆಯ ಈಚೆ ಚಹಾ ಬಣ್ಣ, ಆಚೆ ಹಸಿರು. ಅಜ್ಜ ಬೆರಳದ್ದಿ ಈಚೆಯ ನೀರನ್ನು ನಾಲಿಗೆಗೆ ಮುಟ್ಟಿಸಿಕೊಂಡರು, ಮುಖದಲ್ಲಿ ಏನೂ ಕಾಣಲಿಲ್ಲ. ದೋಣಿಯನ್ನು ಒಂದು ಹುಟ್ಟು ಮುಂದಕ್ಕೆ ನೂಕಿ ಆಚೆಯ ನೀರನ್ನು ಮುಟ್ಟಿಸಿಕೊಂಡು ಥೂ ಎಂದು ಉಗಿದು, “ಬಂತ್. ಇನ್ ಹಾಕಿ” ಅಂದರು. ಗೆರೆಯ ಅಡಿಯಲ್ಲಿ ಮರಿಮೀನು ಚಿಮ್ಮುತ್ತಿದ್ದವು. ಮೀನುಗಳಿಗೆ ಅದು ಗೋಡೆ; ಸಿಹಿನೀರಿನ ಜೊತೆ ಬಂದದ್ದೆಲ್ಲ ಅಲ್ಲಿ ತಡೆದು ನಿಲ್ಲುತ್ತದೆ, ಉಪ್ಪುನೀರಿನ ಬೇಟೆಗಾರರು ಅಷ್ಟರವರೆಗೆ ಬರುತ್ತಾರೆ. ಆ ಸಂಜೆ ಸಿಕ್ಕಿದ ಕೆಂಬೇರಿಯ ತೂಕ ಹೇಳಿದರೆ ನೀವು ನಂಬುವುದಿಲ್ಲ, ಹೇಳುವುದಿಲ್ಲ.

ಎರಡನೆಯ ನೆಪ, ಕೆಂಪು ನೀರು. ಕುಂದಾಪುರದಲ್ಲಿ ಸುಡುಬಿಸಿಲು, ಮೇಲೆ ಒಂದು ಮೋಡವಿಲ್ಲ, ಹೊಳೆ ಮಾತ್ರ ಇಟ್ಟಿಗೆ ತೊಳೆದ ಬಣ್ಣ. “ಮಳೆಯೇ ಬರಲಿಲ್ಲವಲ್ಲ” ಎಂದು ಕೇಳುವವರಿಗೆ ಹುಲಿಕಲ್ಲು, ಮಾಸ್ತಿಕಟ್ಟೆಯ ಕಡೆ ಕೈ ತೋರಿಸಬೇಕು. ನಮ್ಮ ಹೊಳೆಯ ಹವಾಮಾನ ಇರುವುದು ಘಟ್ಟದ ಮೇಲೆ. ಅಲ್ಲಿ ನಿನ್ನೆ ಸುರಿದದ್ದು ಇವತ್ತು ಇಲ್ಲಿಗೆ ಬರುತ್ತದೆ.

ಜೂನಿನಲ್ಲಿ ಮೊದಲ ನೆರೆ ಬಂದಾಗ ನಡೆಯುವುದಂತೂ ಊರು ಬಿಡಿಸುವ ಕಾರ್ಯಕ್ರಮ. ಬೇಸಿಗೆಯ ಕೊನೆಗೆ ಅಳಿವೆಯ ಬಾಯಲ್ಲಿ ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ ಉಪ್ಪು, ಕಡಲಿನಷ್ಟೇ. ಆರಿದ್ರೆ ಮಳೆ ಹಿಡಿದು ಹೊಡೆಯಿತೆಂದರೆ ಅದೇ ಜಾಗದ ಮೇಲುನೀರನ್ನು ಕುಡಿಯಬಹುದು, ಕೆಸರಿಗೆ ಹೆದರದಿದ್ದರೆ. ಕಾಣೆಯಂಥವು ಗಂಟುಮೂಟೆ ಕಟ್ಟಿ ಕಡಲಿನ ಕಡೆಗೆ ಹೋಗುತ್ತವೆ. ಹೊಳೆಯ ಹಿನ್ನೀರಿನಲ್ಲಿ ಬೆಳೆದ ಚಟ್ಲಿ ಮರಿಗಳು ದೊಡ್ಡವಾಗಲು ಕಡಲಿಗೆ ಇಳಿಯುತ್ತವೆ. ಇತ್ತ ಗದ್ದೆ ತೋಡುಗಳಲ್ಲಿ ಸಿಹಿನೀರಿನ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತವೆ, ರಾತ್ರಿ ಟಾರ್ಚು ಹಿಡಿದ ಹುಡುಗರು ಅವುಗಳ ಹಿಂದೆ. ಕುರುಡಿ ಮಾತ್ರ ಈ ಗಲಾಟೆಯಲ್ಲೇ ಸಂಸಾರ ಹೂಡುತ್ತದೆ. ಮಳೆಗಾಲದ ಆರಂಭದಲ್ಲಿ ಅಳಿವೆ ಬಾಯಿಗೆ ಬಂದು ಮೊಟ್ಟೆಯಿಡುತ್ತದೆ, ಮರಿಗಳು ಉಬ್ಬರದ ಜೊತೆ ಒಳಗೆ ಬಂದು ಹೊಳೆ ಹತ್ತುತ್ತವೆ. ಇನ್ನೊಂದು ಸೋಜಿಗ, ಕುರುಡಿ ಮೊದಲು ಗಂಡಾಗಿದ್ದು ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಊರಿಗೆಲ್ಲ ತೋರಿಸಿ ಫೋಟೋ ಹೊಡೆಸಿಕೊಳ್ಳುವ ಹತ್ತು ಕಿಲೋದ ಕುರುಡಿ ಬಹುತೇಕ ಬಸಿರಿ ಅಥವಾ ಬಾಣಂತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಾಳದವರಿಗೆ ಆ ಕಟ್ಟಳೆ ಇಲ್ಲ, ಆದರೂ ಆ ಎರಡು ತಿಂಗಳು ದೊಡ್ಡ ಕುರುಡಿಯನ್ನು ಬಿಟ್ಟುಬಿಡಬೇಕೆಂದು ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲೇ ಇದಕ್ಕೆ ಬಹುಮತವಿಲ್ಲ.

ಕೆಂಪು ನೀರೆಂದರೆ ತಳದವರೆಗೂ ಕೆಂಪು ಎಂದುಕೊಳ್ಳಬಾರದು. ಸಿಹಿನೀರು ಹಗುರ, ಉಪ್ಪುನೀರು ಭಾರ. ನೆರೆಯ ರಭಸ ತಗ್ಗಿದ ದಿನಗಳಲ್ಲಿ ಕಡಲು ಅಡಿಯಿಂದ ಮೆಲ್ಲಗೆ ನುಸುಳಿ ಒಳಗೆ ಬರುತ್ತದೆ, ಹೊಳೆ ಅದರ ಮೇಲೆಯೇ ಹೊರಗೆ ಹೋಗುತ್ತದೆ. ಮೇಲೆ ಬಾಟಲಿ ಪಶ್ಚಿಮಕ್ಕೆ ತೇಲುತ್ತಿರುವಾಗ ಅಡಿಯಲ್ಲಿ ನನ್ನ ಸೀಸದ ಗುಂಡು ಪೂರ್ವಕ್ಕೆ ಜಾರಿದ್ದನ್ನು ಭಾದ್ರಪದದಲ್ಲಿ ಕಂಡಿದ್ದೇನೆ. ಆಗ ಎರೆಯನ್ನು ನೆಲಕ್ಕೆ ಮುಟ್ಟಿಸಿದವನಿಗೆ ಮೀನು, ನಡುನೀರಿನಲ್ಲಿ ತೂಗುಹಾಕಿದವನಿಗೆ ನೆಪ.

ಕದಡಿನಲ್ಲೂ ಹದ ಉಂಟು. ತೀರಾ ಕೆಂಪಾದರೆ ಮೀನಿನ ಕಣ್ಣಿಗೆ ಎರೆ ಕಾಣುವುದಿಲ್ಲ. ಮೂಗಿನಿಂದ ಊಟ ಹುಡುಕುವ ತೇಡೆ ಮಾತ್ರ ಕಚ್ಚುತ್ತದೆ, ಕಚ್ಚಿ ಮುಳ್ಳಿನಿಂದ ಕೈಗೂ ಚುಚ್ಚುತ್ತದೆ. ಆ ನೀರು ಬೀಸುಬಲೆಯವರಿಗೆ ಹಬ್ಬ, ಬಲೆ ಬೀಳುವುದು ಮೀನಿಗೆ ತಿಳಿಯುವುದಿಲ್ಲ. ತೀರಾ ತಿಳಿಯಾದರೆ ತಂಗೀಸು ಕಾಣುತ್ತದೆ, ದಡದಲ್ಲಿ ನಿಂತ ನಾನೂ ಕಾಣುತ್ತೇನೆ. ಹುಟ್ಟನ್ನು ಮುಳುಗಿಸಿದರೆ ಮೊಳದಾಳದಲ್ಲಿ ಅಲಗು ಮಸುಕಾಗಬೇಕು, ಅದು ಹದ. ನವರಾತ್ರಿ ಕಳೆದು ದೀಪಾವಳಿಯ ಹೊತ್ತಿಗೆ ಹೊಳೆ ಆ ಬಣ್ಣಕ್ಕೆ ಬರುತ್ತದೆ, ಉಪ್ಪೂ ಮೆಲ್ಲಗೆ ಒಳಗೆ ಸರಿಯುತ್ತದೆ. ವರ್ಷದಲ್ಲಿ ನನಗೆ ನೆಪ ಕಡಿಮೆ ಬೇಕಾಗುವ ತಿಂಗಳುಗಳು ಅವೇ.

ಗಾಳಿಯ ನೆಪವನ್ನು ಬೇಗ ಮುಗಿಸುತ್ತೇನೆ. ಬೆಳಗಿನ ಜಾವ ಮೂಡುಗಾಳಿ, ಹತ್ತು ಹನ್ನೊಂದರ ಮೇಲೆ ಪಡುಗಾಳಿ. ಬೇಸಿಗೆಯ ಮಧ್ಯಾಹ್ನ ಹೊರಗೆ ಹೋಗುವ ಇಳಿತಕ್ಕೆ ಒಳಗೆ ಬರುವ ಪಡುಗಾಳಿ ಎದುರಾದರೆ ಅಳಿವೆ ಬಾಯಿ ಕುದಿಯುತ್ತದೆ. ಕೋಡಿಯ ಬ್ರೇಕ್‌ವಾಟರಿನ ಮೇಲೆ ನಿಂತವನ ಕನ್ನಡಕಕ್ಕೆಲ್ಲ ಉಪ್ಪು. ಸ್ವಲ್ಪ ಗಾಳಿ ಮಾತ್ರ ಒಳ್ಳೆಯದೇ. ನೀರಿನ ಮೇಲ್ಮೈ ಒಡೆದು ಬೆಳಕು ಚದುರುತ್ತದೆ, ಮೀನಿಗೆ ಧೈರ್ಯ ಬರುತ್ತದೆ. ಬೆಂಗಳೂರಿನಿಂದ ಬರುವ ನೆಂಟರು “ಎಷ್ಟು ಚೆನ್ನಾಗಿದೆ ವೆದರ್” ಎನ್ನುವ ದಿನ ಇದೆಯಲ್ಲ, ಕನ್ನಡಿಯ ಹಾಗೆ ನಿಂತ ನೀರು, ನೀಲಿ ಆಕಾಶ, ಅಂದು ಹೊಳೆಗೆ ಹೋಗುವುದು ಪಟ ತೆಗೆಯಲಿಕ್ಕೆ ಮಾತ್ರ. ಮೀನಿನ ಒಳ್ಳೆಯ ಹವೆ ಬೇರೆ. ಮೋಡ ಕವಿದು, ಮಳೆ ಬಂದೂ ಬಾರದ ಹಾಗಿದ್ದು, ಛತ್ರಿ ತರಬೇಕಿತ್ತೇನೋ ಎಂದು ಅನುಮಾನ ಬರುವ ಸಂಜೆ ಅದಕ್ಕೆ ಇಷ್ಟ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನವಂತೂ ಕೇಳುವುದೇ ಬೇಡ. ತೆಳ್ಳಗಿನ ನೀರು ಕಾದು ಅದರಲ್ಲಿ ಕರಗಿದ ಆಮ್ಲಜನಕವೂ ಕಡಿಮೆಯಾಗಿ, ಮೀನುಗಳು ಆಳದ ಗುಂಡಿಗೋ ಸೇತುವೆಯ ನೆರಳಿಗೋ ಸೇರಿಕೊಳ್ಳುತ್ತವೆ, ಬುದ್ಧಿಯಿರುವ ಮನುಷ್ಯರ ಹಾಗೆಯೇ.

ಅಮಾವಾಸ್ಯೆ ರಾತ್ರಿಯ ಕತ್ತಲೆ ಬಲೆಯವರಿಗೆ ಒಳ್ಳೆಯದು ಎಂಬ ನಂಬಿಕೆಗೂ ಒಂದು ಅಪವಾದವಿದೆ. ನೀರಿನಲ್ಲಿ ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿ ತುಂಬಿಕೊಂಡಾಗ ಅಲುಗಾಡಿದ್ದೆಲ್ಲ ನೀಲಿಯಾಗಿ ಮಿನುಗುತ್ತದೆ. 2020ರ ಕೊನೆಯಲ್ಲಿ ನಮ್ಮ ಕರಾವಳಿಯ ಅಲೆಗಳು ಹೀಗೆ ಹೊಳೆದಾಗ ಜನ ಸಂಸಾರಸಮೇತ ಬಂದು ವೀಡಿಯೊ ಮಾಡಿಕೊಂಡರು. ಬಲೆ ಬಿಟ್ಟವರು ಮಾತ್ರ ಗೊಣಗುತ್ತಿದ್ದರು, ಬಲೆಯ ಕಣ್ಣುಕಣ್ಣೂ ಮೀನಿಗೆ ಕಾಣುವ ಹಾಗಾದರೆ ಇನ್ನೇನು ಮಾಡುವುದು?

ಒಂದು ನೆಪವನ್ನು ಮಾತ್ರ ನಾನು ಒಪ್ಪುವುದಿಲ್ಲ, ವಾಯುಭಾರ. ಅಕ್ಕನ ಮಗ ಬೆಂಗಳೂರಿನಿಂದ ಬರುವಾಗಲೆಲ್ಲ ಫೋನಿನಲ್ಲಿ ಒಂದು ಆ್ಯಪ್ ತರುತ್ತಾನೆ. ಅದರಲ್ಲಿ ಚಂದ್ರ ನೆತ್ತಿಗೆ ಬರುವ ಹೊತ್ತು, ವಾಯುಭಾರದ ಗೆರೆ, ಕೊನೆಗೆ ಒಂದರಿಂದ ಐದು ಮೀನಿನ ಚಿತ್ರ. “ಮಾವ, ಪ್ರೆಶರ್ ಇಳೀತಾ ಇದೆ, ಈಗ ಕಚ್ಚುತ್ತೆ ನೋಡಿ.” ಚಂದ್ರನ ಲೆಕ್ಕವನ್ನು 1926ರಲ್ಲಿ ಜಾನ್ ಆಲ್ಡನ್ ನೈಟ್ ಎಂಬ ಅಮೆರಿಕದವರು ಹೂಡಿದ್ದು; ಅಳಿವೆಯಲ್ಲಿ ಚಂದ್ರ ಮಾಡುವುದನ್ನೆಲ್ಲ ಉಬ್ಬರವೇ ಮಾಡಿ ತೋರಿಸುವಾಗ ಮಧ್ಯಸ್ಥರು ಬೇಡ. ವಾಯುಭಾರದ ಗಣಿತವನ್ನು ನಾನು ಅವನಿಗೆ ಮರಳಿನ ಮೇಲೆ ಮಾಡಿ ತೋರಿಸಿದೆ. ನೀರು ಒಂದು ಮೀಟರು ಏರಿದರೆ ತಳದ ಮೀನಿನ ಮೇಲೆ ಸುಮಾರು 100 ಮಿಲಿಬಾರ್ ಒತ್ತಡ ಹೆಚ್ಚುತ್ತದೆ. ಮಳೆಮೋಡ ಕವಿದಾಗ ವಾಯುಭಾರ ಇಳಿಯುವುದು ಕೆಲವೇ ಮಿಲಿಬಾರ್, ಅಂದರೆ ಕೆಲವು ಸೆಂಟಿಮೀಟರ್ ನೀರು. ಮೀನು ಒಂದು ಗೇಣು ಮೇಲೆ ಬಂದರೆ ಅದರ ನಾಲ್ಕು ಪಾಲು ವ್ಯತ್ಯಾಸವಾಗುತ್ತದೆ. ದಿನಕ್ಕೆರಡು ಸಲ ಅಷ್ಟು ದೊಡ್ಡ ಏರುಪೇರು ತಾಳಿಕೊಳ್ಳುವ ಮೀನು ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತದೆಯೇ? ಅವನು ಒಪ್ಪಲಿಲ್ಲ. ಅಷ್ಟರಲ್ಲಿ ಮೋಡ ಕವಿಯಿತು, ಬೆಳಕು ತಗ್ಗಿತು, ಅವನ ಗಾಳಕ್ಕೆ ಮೀನು ಕಚ್ಚಿತು. ಆ್ಯಪ್ ಗೆದ್ದಿತು.

ಗಾಳಿಯೇ ಇಲ್ಲದೆ ಕಡಲು ಏಳುವ ದಿನಗಳೂ ಇವೆ. ಏಪ್ರಿಲ್ ಮೇನಲ್ಲಿ ತೆಂಕಣ ಮಹಾಸಾಗರದ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರು ದಾಟಿ ಬಂದು ಇಲ್ಲಿ ಅಪ್ಪಳಿಸುತ್ತವೆ. ಕೇರಳದವರು ಇದಕ್ಕೆ ಕಳ್ಳಕಡಲು ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ. ಇಳಿತದ ಹೊತ್ತಿಗೆ ಅಂಥ ಅಲೆ ಅಳಿವೆ ಬಾಗಿಲಿಗೆ ಬಂತೆಂದರೆ ಒಡೆಯುವ ರೀತಿಗೆ ದೊಡ್ಡ ದೋಣಿಗಳೇ ಹೆದರುತ್ತವೆ. ಆ ದಿನ ಮನೆಯಲ್ಲಿ ಕೂತರೆ ಯಾರೂ ಕಾರಣ ಕೇಳುವುದಿಲ್ಲ.

ಇಷ್ಟೂ ನೆಪಗಳಿಗೆ ಪಂಚಾಂಗದಲ್ಲೋ ಆಕಾಶದಲ್ಲೋ ಜಾಗವಿದೆ. ಈಚೆಗೆ ಎರಡರಲ್ಲೂ ಇಲ್ಲದ ಒಂದು ಸೇರಿಕೊಂಡಿದೆ. ಹೊನ್ನಾವರಕ್ಕೆ ಹೋದರೆ ಅದು ಚೆನ್ನಾಗಿ ಕಾಣುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ವಿದ್ಯುತ್ತು ಮಾಡಿ ಬಿಟ್ಟ ನೀರು ಕಡುಬೇಸಿಗೆಯಲ್ಲೂ ಗೇರುಸೊಪ್ಪೆಯಿಂದ ಕೆಳಗೆ ಬರುತ್ತಲೇ ಇರುತ್ತದೆ. ಅಳಿವೆಗೆ ಸಿಗಬೇಕಾದ ಉಪ್ಪು ಸಿಗದೆ ಅಲ್ಲಿ ಚಿಪ್ಪಿಕಲ್ಲು ಕ್ಷೀಣಿಸಿತೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಪಕ್ಕದ ಕುಮಟಾ ತಾಲೂಕಿನ ಅಘನಾಶಿನಿಗೆ ಅಣೆಕಟ್ಟಿಲ್ಲ. ತದಡಿಯ ಎದುರಿಗೆ ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುವವರ ಸಾಲು ಈಗಲೂ ಇದೆ. 2024ರ ಜನವರಿಯಲ್ಲಿ ಆ ಅಳಿವೆ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ವಾರಾಹಿಗೂ ಮೇಲೆ ಮಾಣಿ ಅಣೆಕಟ್ಟು, ಹೊಸಂಗಡಿ ಬಳಿ ಭೂಗತ ವಿದ್ಯುದಾಗಾರ ಇವೆ. ಕೆಳಗೆ ಹೊಳೆ ತೋಡುಗಳಿಗೆ ಅಲ್ಲಲ್ಲಿ ಕಿಂಡಿ ಅಣೆಕಟ್ಟು. ಮಳೆ ಮುಗಿದ ಮೇಲೆ ಹಲಗೆ ಇಳಿಸಿದರೆ ಬಾವಿಗಳಿಗೆ ಸಿಹಿನೀರು, ಗದ್ದೆಗೆ ಎರಡನೇ ಬೆಳೆ. ಮೀನಿಗೆ ಮಾತ್ರ ದಾರಿ ಬಂದ್. ಬಾವಿಯ ಉಪ್ಪುನೀರು ಕುಡಿದವರ ಎದುರು ಕಾಣೆಯ ಪರ ಮಾತಾಡಲು ನನಗೆ ಬಾಯಿಲ್ಲ. ಆದರೆ ಮಳೆಯಿಲ್ಲದ ಮಾರ್ಚಿನಲ್ಲಿ, ತಿಥಿ, ಗಾಳಿ, ಬಣ್ಣ ಎಲ್ಲ ಸರಿಯಿದ್ದೂ ಕಾಣೆ ಕಚ್ಚದ ದಿನ ನಾನು ಮನೆಯಲ್ಲಿ ಹೀಗೆ ವಾದ ಹೂಡಿದೆ: ಬೆಂಗಳೂರಿನವರು ಸೆಕೆಗೆ ಎಸಿ ಹಾಕುತ್ತಾರೆ, ವಿದ್ಯುತ್ತು ಸಾಲುವುದಿಲ್ಲ, ಮೇಲೆ ನೀರು ಬಿಡುತ್ತಾರೆ, ಹೊಳೆಯ ಉಪ್ಪು ತೆಳುವಾಗುತ್ತದೆ, ಕಾಣೆ ಕಡಲಿಗೆ ಸರಿಯುತ್ತದೆ.

ಮನೆಯವಳು ಪೂರ್ತಿ ಕೇಳಿದಳು. “ಹಂಗಾರೆ ನಿಮ್ಮ್ ಅಕ್ಕನ ಮಗನಿಗೆ ಫೋನ್ ಮಾಡಿ ಎಸಿ ಬಂದ್ ಮಾಡೂಕ್ ಹೇಳಿ. ಅಷ್ಟೊತ್ತಿಗೆ ನಾನ್ ಪ್ಯಾಟಿಗ್ ಹೋಯಿ ಬಂಗ್ಡಿ ತಕಂಡ್ ಬತ್ತೆ.”